ಮರದ ಮೈಗೆ ಅರ್ತ್ ಇಲ್ಲ

ಮೂವತ್ತೊಂದು ವರ್ಷ ಲಾರಿಗಳ ಹೊಟ್ಟೆಯಡಿ ಮಲಗಿ
ವೈರು ಎಳೆದವನು ನಾನು, ಕಲಾಸಿಪಾಳ್ಯದ ಪಿಳ್ಳಪ್ಪ.
ಗಫಾರ್ ಉಸ್ತಾದ್ ಕಲಿಸಿದ್ದು ಒಂದೇ ಮಾತು:
ಬ್ಯಾಟರಿಯಿಂದ ಒಂದು ತಂತಿ ಕೊಡು, ಸಾಕು,
ವಾಪಸ್ಸು ಬರೋದನ್ನ ಗಾಡಿಯ ಮೈ ನೋಡಿಕೊಳ್ಳುತ್ತೆ.
ತುಕ್ಕು ಕೆರೆದು ಬೋಲ್ಟು ಬಿಗಿವಾಗ
'ಅರ್ತ್ ಸಿಕ್ತೇನೋ?' ಅಂತ ಮೇಲಿಂದ ಕೂಗಿದರೆ
'ಅರ್ಥ ಆಯ್ತೇನೋ?' ಅಂತ ಕೇಳಿಸಿ
ಸುಮ್ಮನೆ ತಲೆಯಾಡಿಸುತ್ತಿದ್ದೆ ಕತ್ತಲಲ್ಲಿ.

ಈಗ ವಿದ್ಯಾರಣ್ಯಪುರದ ಅಡ್ಡರಸ್ತೆಯೊಂದರಲ್ಲಿ
ಕಾರಿಲ್ಲದ ಕಾರ್ ಶೆಡ್ಡು, ಒಳಗೊಂದು ದೋಣಿ.
ಹದಿನಾಲ್ಕು ಅಡಿ, ಪ್ಲೈವುಡ್ಡು, ಮೂಗು ಕೊರೆಯುವ ಅಂಟು.
ಮೂತಿ ಗೇಟಿನಾಚೆ ಒಂದೂವರೆ ಅಡಿ ಚಾಚಿ
ಕಸದ ಆಟೋ ತಿರುಗಲು ಜಾಗವಿಲ್ಲ.
ಕಟ್ಟಿದವರು ನಾಗವೇಣಿ ಖಾರ್ವಿ,
ಟೆಲಿಫೋನ್ ಎಕ್ಸ್‌ಚೇಂಜಿನಿಂದ ರಿಟೈರಾದವರು, ಗಂಗೊಳ್ಳಿ ಕಡೆಯವರು.
ಎದುರುಮನೆಯಾತನದು ದಿನವೂ ಅದೇ ಜೋಕು:
ಮಳೆಗಾಲಕ್ಕೆ ನಮಗೂ ನಾಲ್ಕು ಸೀಟು ಇಡಿ ಮೇಡಂ.
ಅವರು ನಗುವುದಿಲ್ಲ. 'ಇರೋದೇ ಮೂರು' ಅನ್ನುತ್ತಾರೆ.

ಮೊದಲ ದಿನ, ಅಭ್ಯಾಸಬಲ,
ಮೀಟರಿಗೊಂದೇ ತಂತಿ ಎಳೆದು
ಕರಿ ತುದಿ ಹಿಡಿದು ಮೈ ಹುಡುಕಿದೆ.
ಎಲ್ಲಿ ಮುಟ್ಟಿಸಿದರೂ ಮರ.
ಟೆಸ್ಟರ್ ಬಲ್ಬು ಕಣ್ಣೇ ಬಿಡಲಿಲ್ಲ.
'ಫೋನಿಗೆ ಯಾವತ್ತೂ ಜೋಡಿ ತಂತಿ, ಪಿಳ್ಳಪ್ಪ,'
ಸ್ಟೂಲಿನ ಮೇಲಿಂದ ಅವರು. 'ನಲವತ್ತು ಸಾವಿರ ಜೋಡಿ ನೋಡಿದೀನಿ.'
ಹೋದ ಒಂದೊಂದಕ್ಕೂ ಬರುವ ದಾರಿ ನಾನೇ ಹಾಕಬೇಕು,
ಮೋಟಾರಿನ ಬುಡದಿಂದ ಡ್ಯಾಶ್‌ಬೋರ್ಡಿಗೆ, ಮತ್ತೆ ಬುಡಕ್ಕೆ.

ನಾ ತಂದ ಕೆಂಪು ತಾಮ್ರವನ್ನು ಮೂಸಿ ನೋಡಿ ಬದಿಗಿಟ್ಟರು.
ಉಪ್ಪುಗಾಳಿಗೆ ಒಳಗೊಳಗೇ ಹಸಿರಾಗಿ ಸಾಯುತ್ತಂತೆ.
'ತವರ ಬೇಕು' ಅಂದರು.
ಊರು ನೆನಪಾಯಿತೇನೋ ಅಂದುಕೊಂಡು
ಚಹಾ ಲೋಟ ಹಿಡಿದು ಸುಮ್ಮನೆ ಕೂತೆ.
ತವರ ಬಳಿದ ತಂತಿಯಂತೆ!
ಎಸ್.ಪಿ. ರೋಡಿನ ಏಳು ಅಂಗಡಿ ತಲೆಯಾಡಿಸಿದವು,
ಎಂಟನೆಯದರ ಅಟ್ಟದ ಮೇಲೆ ಬೆಳ್ಳಿ ಬಣ್ಣದ ಎರಡು ಸುರುಳಿ.

ಕೀಲಿಗೆ ನೇರಳೆ, ಆರ್‌ಪಿಎಮ್ಮಿಗೆ ಬೂದು,
ಪೆಟ್ರೋಲಿಗೆ ಗುಲಾಬಿ.
ಲಾರಿಯಲ್ಲಿ ಬಣ್ಣ ಯಾರು ಕೇಳಿದರು,
ಸಿಕ್ಕಿದ್ದಕ್ಕೆ ಸಿಕ್ಕಿದ್ದು ಸುತ್ತಿ ಟೇಪು ಹಚ್ಚುವುದು.
ಇಲ್ಲಿ ಮದುವೆ ಸೀರೆ ಆರಿಸಿದ ಹಾಗೆ ಮಧ್ಯಾಹ್ನ ಕಳೆಯಿತು.

ಪೆಟ್ರೋಲ್ ಮೀಟರು ಮಾತ್ರ ನನ್ನ ಮಾನ ಕಳೆಯಿತು.
ಟ್ಯಾಂಕು ಅಮೆರಿಕದ್ದು, ಮೀಟರು ನಮ್ಮ ಗುಜರಿಯದ್ದು.
ತುಂಬಿದ ಕೊಡ ತುಳುಕುವುದಿಲ್ಲ, ಸರಿ,
ತುಂಬಿದ ಟ್ಯಾಂಕಿಗೆ ಮುಳ್ಳು ಏಳುವುದೂ ಇಲ್ಲ!
ಹೀರಿ ಹೀರಿ ತೆಗೆದಷ್ಟೂ ಅದು ಮೇಲೆ ಮೇಲೆ,
ತಳ ಕಂಡಾಗ ಪೂರ್ತಿ ತುಂಬಿದೆನೆಂದು ಎದೆ ಸೆಟೆಸಿ ನಿಂತಿತು.
'ಇಂಥವರನ್ನ ಆಫೀಸಲ್ಲಿ ಬಹಳ ನೋಡಿದೀನಿ' ಅಂತ
ನಾಗವೇಣಿಯಮ್ಮ ಆವತ್ತು ಮೊದಲ ಸಲ ನಕ್ಕರು.
ಮೀಟರು ಬದಲಾಯಿಸಿದೆ, ಕೂಲಿಯಲ್ಲಿ ಹಿಡಿದುಕೊಳ್ಳಿ ಅಂದೆ.
ಹಿಡಿದುಕೊಂಡರು.

ಭಾನುವಾರ. ನೀಲಿ ಡ್ರಮ್ಮಿಗೆ ಅರ್ಧ ಕಾವೇರಿ, ಅರ್ಧ ಟ್ಯಾಂಕರ್.
ಮೋಟಾರಿನ ಕಾಲು ಅದರೊಳಗೆ ಇಳಿಬಿಟ್ಟು ಕೀಲಿ ತಿರುಗಿಸಿದರೆ
ಬೀದಿಯ ನಾಯಿಗಳೆಲ್ಲ ಎದ್ದು ನಿಂತವು.
ಪಕ್ಕದ ತೂತಿನಿಂದ ಸಣ್ಣ ಮಗುವಿನ ಉಚ್ಚೆಯಂತೆ ನೀರು,
'ಅದು ಬಂದರೆ ಜೀವ ಇದೆ ಅಂತ ಲೆಕ್ಕ' ಅಂದರು.
ಏಳುನೂರು. ಒಂಬೈನೂರು. ಮುಳ್ಳು ಹೆದರಿ ಹೆದರಿ ಸಾವಿರ ದಾಟಿತು.
ವೇಗದ ಮುಳ್ಳು ಸೊನ್ನೆಯಲ್ಲೇ. ಅದಕ್ಕೆ ಹಿಂದೆ ಸರಿಯುವ ನೀರು ಬೇಕಂತೆ.
ಸಾಯಂಕಾಲದ ಹೆಬ್ಬಾಳದಲ್ಲಿ ನನ್ನ ಸ್ಕೂಟರೂ ಹೀಗೇ.

ಗಂಗೊಳ್ಳಿಗೆ ಯಾವಾಗ ಅಂತ ಕೇಳಿದೆ.
ಡ್ರಮ್ಮಿನ ನೀರನ್ನು ಬಕೆಟ್ಟಿಗೆ ತುಂಬಿ
ಎಣ್ಣೆ ತೇಲುತ್ತಿದೆ, ಗಿಡಕ್ಕಾಗಲ್ಲ, ಅಂದರು.

ಮಾರನೇ ದಿನ ಅಂಗಡಿಯಲ್ಲಿ,
ಕಬ್ಬಿಣವೇ ಮೈಯಾದ ಹಳೇ ಟೆಂಪೋದ ಅಡಿ ಮಲಗಿ
ಕರಿ ತಂತಿಯನ್ನೂ ಬ್ಯಾಟರಿವರೆಗೆ ಎಳೆದುಬಿಟ್ಟಿದ್ದೆ.
ಡ್ರೈವರು ಬಗ್ಗಿ ನೋಡಿ ಬೈದ:
ಇಷ್ಟುದ್ದ ವೈರಿಗೆ ಕಾಸು ಯಾರಪ್ಪ ಕೊಡ್ತಾನೆ?